ಮಾತು ಬರಿಸುವ ಬರೆ

ಮಸ್ಕಿಯ ಕಿರಾಣಿ ಅಂಗಡಿಯ ಅಮರಗುಂಡಪ್ಪನ ಮನೆಯಲ್ಲಿ ಎಲ್ಲರಿಗೂ ಬಾಯಿ. ಅವನ ನಾಲ್ಕು ವರ್ಷದ ಮಗಳು ಕಸ್ತೂರಿಗೆ ಮಾತ್ರ ಕಣ್ಣು. ಯಾರೇ ಬರಲಿ, ಅವಳು ತಾಯಿ ಶಿವಬಸಮ್ಮನ ಸೆರಗಿನ ಹಿಂದೆ ನಿಂತು, ಬಂದವರು ಚಪ್ಪಲಿ ಬಿಟ್ಟಲ್ಲಿಂದ ಎಲೆಅಡಿಕೆ ಉಗುಳುವವರೆಗೂ ನೋಡುತ್ತಿದ್ದಳು. ತುಟಿ ಬಿಚ್ಚುತ್ತಿರಲಿಲ್ಲ. ಅದೇ ವಯಸ್ಸಿನ, ಶಿವಬಸಮ್ಮನ ಮೈದುನನ ಮಗ ಅರಳು ಹುರಿದಂತೆ ಮಾತಾಡುತ್ತಿದ್ದ. ಅತ್ತೆ ಗುರುಲಿಂಗಮ್ಮ ಅವನಿಗೆ ಬೆಲ್ಲ ಕೊಟ್ಟು, "ಇವ ವಕೀಲ ಆಗ್ತಾನ" ಅನ್ನುವಳು. ಕಸ್ತೂರಿಯ ಪಾಲಿಗೆ ಒಂದೇ ತೀರ್ಪು: "ರಜಾಕಾರರ ಗದ್ದಲದಾಗ ಹುಟ್ಟಿದ ಕೂಸು. ಅಂಜಿ ನಾಲಿಗಿ ಒಳಗ ಎಳಕೊಂಡದ. ಬುದ್ಧಿನೂ ಮಂದ."

ಮಠದಲ್ಲಿ ಕೂತು 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ತಲೆದೂಗುವ ಮುದುಕಿಗೆ ಕೂಸಿನ ಮೌನ ಮಾತ್ರ ರೋಗವಾಗಿ ಕಂಡಿತ್ತು.

ಶಿವಬಸಮ್ಮನಿಗೆ ಮೈ ಉರಿಯುತ್ತಿತ್ತು. ತಾಯಿ ಮಗಳಿಬ್ಬರೇ ಇದ್ದಾಗ ಕಸ್ತೂರಿ ಏನೆಲ್ಲ ಹೇಳುವಳು! ಬೆಕ್ಕು ಹತ್ತಿ ಚೀಲದಲ್ಲಿ ಮರಿ ಹಾಕಿದೆಯೆಂದು ಮನೆಮಂದಿಯೆಲ್ಲ ಹುಡುಕಿದ್ದರು. "ಅಲ್ಲಿಲ್ಲವ್ವ. ನಾವು ನೋಡಿದ್ರ ಬೆಕ್ಕು ಸುಮ್ನ ಅಲ್ಲಿ ಹೋಗಿ ಕುಂದರತದ. ಮರಿ ಅಟ್ಟದ ಮ್ಯಾಲ ಅದಾವು" ಎಂದಿದ್ದಳು. ಮರಿಗಳು ಅಟ್ಟದ ಮೇಲೇ ಇದ್ದವು. ಹೇಳಿದರೆ ಯಾರು ನಂಬಬೇಕು?

"ಹೆತ್ತವರಿಗೆ ಹೆಗ್ಗಣ ಮುದ್ದು" ಎಂದಳು ಅತ್ತೆ.

ಲಿಂಗಸುಗೂರಿನ ಬೀಗರು ಬಂದು ಹೆಸರು ಕೇಳಿದಾಗಲೂ ಕೂಸು ಬಾಯಿಬಿಡಲಿಲ್ಲ. ಗುರುಲಿಂಗಮ್ಮನಿಗೆ ಮರ್ಯಾದೆ ಹೋದಂತಾಯಿತು. ಅಮಾವಾಸ್ಯೆಯ ಬೆಳಿಗ್ಗೆ ಕುಡುಗೋಲಿನ ತುದಿಯನ್ನು ಒಲೆಗಿಟ್ಟಳು. ಗದ್ದದ ಕೆಳಗೆ ಒಂದು ಬರೆ ಎಳೆದರೆ ನಾಲಿಗೆ ಸಡಿಲುತ್ತದಂತೆ.

"ಆಕಿಗೆ ಮಾತು ಬರ್ತದ್ರಿ" ಎಂದು ಶಿವಬಸಮ್ಮ ಗಂಡನ ಮುಂದೆ ಗೋಗರೆದಳು.

"ಹಂಗಾದ್ರ ಈಗ ಆಡಸು" ಎಂದ ಅಮರಗುಂಡಪ್ಪ.

ಎಲ್ಲರ ಕಣ್ಣೂ ಕೂಸಿನ ಮೇಲೆ. "ಒಂದ ಮಾತು ಆಡು, ನನ್ನವ್ವ" ಎಂದು ತಾಯಿ ಬೇಡಿದಳು. ಕಸ್ತೂರಿ ಉಗುಳು ನುಂಗಿದಳು, ಅಷ್ಟೇ. ಶಿವಬಸಮ್ಮನಿಗೆ ಮಗಳ ಮೇಲೂ ಸಿಟ್ಟು ಬಂದು ಭುಜ ಹಿಡಿದು ಅಲ್ಲಾಡಿಸಿದಳು. ಕೂಸಿನ ಕೈ ಸೆರಗನ್ನು ಬಿಟ್ಟಿತು. ತಾನೂ ಇವರ ಸಾಲಿಗೆ ಸೇರಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ಅತ್ತೆ ಕೆಂಪಾದ ಕುಡುಗೋಲು ತಂದಳು. ಶಿವಬಸಮ್ಮ ಅಡ್ಡ ನಿಂತು ಅದರ ತುದಿಯನ್ನೇ ಹಿಡಿದು ಕಿತ್ತುಕೊಂಡಳು. ಅಂಗೈ ಚುರ್ರೆಂದಿತು.

"ನೋಡಿ ತಿಳಕೊಳ್ಳೋ ಕೂಸನ್ನ ಸುಡ್ತೀರೇನ್ರಿ? ನೋಡದ ಒದರೋರಿಗೆ ಮೊದಲ ಬರಿ ಹಾಕ್ರಿ."

ಆಗ ಕಸ್ತೂರಿ ಅಜ್ಜಿಯ ಸೀರೆ ಎಳೆದಳು. "ಆಯಿ, ಅವ್ವನ ಕೈ ಸುಟ್ಟದ. ನೀರು ತಾ."

ಗುರುಲಿಂಗಮ್ಮ ಲಿಂಗ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನೋಡಿದ್ರ್ಯಾ? ಕುಡುಗೋಲು ತೋರಿಸಿದ್ದಕ್ಕ ಮಾತು ಬಂತು." ನೀರು ತರುವುದು ಬಿಟ್ಟು ಓಣಿಗೆ ಸುದ್ದಿ ಹೇಳಲು ಹೊರಟಳು.

ಮಧ್ಯಾಹ್ನದ ಹೊತ್ತಿಗೆ ಓಣಿಯ ಆದಮ್ಮ ಮಾತಾಡದ ತನ್ನ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಅದೇ ಕುಡುಗೋಲು ಬೇಕೆಂದಳು. ಶಿವಬಸಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಕೈಗೆ ಬಟ್ಟೆ ಸುತ್ತಿತ್ತು, ಕುಡುಗೋಲು ಮಡಿಲಲ್ಲಿತ್ತು.

"ಯಾರೂ ಇಲ್ಲದಾಗ ಇವ ಮಾತಾಡ್ತಾನೇನ, ಆದಮ್ಮ?"

ಆದಮ್ಮ ದನಿ ತಗ್ಗಿಸಿದಳು. "ಆಡಿನ ಮರಿ ಜೊತಿ ಮಾತಾಡ್ತಾನವ್ವ. ಹೇಳಿದ್ರ ನಗ್ತಾರಂತ ಯಾರಿಗೂ ಹೇಳಿಲ್ಲ."

"ಹಂಗಾದ್ರ ಮಗನ್ನ ಕರಕೊಂಡು ಮನಿಗೆ ಹೋಗು."

ಕುಡುಗೋಲು ಕೊಟ್ಟು ಕಳಿಸೆಂದು ಅತ್ತೆ ಒಳಗಿನಿಂದ ಮತ್ತೆ ಮತ್ತೆ ಕೂಗಿದಳು. ಶಿವಬಸಮ್ಮ ಹೊಸ್ತಿಲು ಬಿಟ್ಟು ಏಳಲಿಲ್ಲ.