ಖೋಲಿಯ ಹದ

ಮಗ್ಗದ ಶೆಡ್ಡಿನ ಹಿಂದಿನ ಖೋಲಿಯಲ್ಲಿ ಮೇಜು ಒರೆಸುವಷ್ಟರಲ್ಲೇ ಕರೆಪ್ಪ ಸುಸ್ತಾಗಿದ್ದ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಮೇಲೆ ಜಮಖಂಡಿಯ ಅತಿಥಿ ಬಂಗಲೆಗೆ ಬೀಗ ಬಿತ್ತು. ಅಲ್ಲಿ ಊಟ ಬಡಿಸುತ್ತಿದ್ದವನು ಬನಹಟ್ಟಿಗೆ ಬಂದು ರಾಟಿ ಹಿಡಿದು ನೂಲು ಸುತ್ತತೊಡಗಿದ. ಅರಳೆಯ ಧೂಳು ಎದೆಯಲ್ಲಿ ಮನೆ ಮಾಡಿತ್ತು. ಹೊಸ ಮಗ್ಗ ಜೋಡಿಸಲು ಬಂದಿದ್ದ ಫ್ರೆಂಚ್ ಸಾಹೇಬ, ಇವತ್ತಿನ ಊಟ ಮನಸ್ಸಿಗೆ ಬಂದರೆ ನಾಳೆ ಅವನನ್ನು ಮುಂಬಯಿಯ ತನ್ನ ಬಂಗಲೆಗೆ ಕೆಲಸಕ್ಕೆ ಕರೆದೊಯ್ಯುವೆನೆಂದಿದ್ದ.

ದಾರೂಬಂದಿಯ ಕಾಲ. ಪರ್ಮಿಟ್ ಇದ್ದ ಸಾಹೇಬ ತನ್ನ ದೇಶದ ಕೆಂಪು ವೈನಿನ ಬಾಟಲಿಯನ್ನು ಬೆಳಿಗ್ಗೆಯೇ ಕೊಟ್ಟಿದ್ದ. ಕೆಂಪು ವೈನನ್ನು ತಣ್ಣಗೆ ಮಾಡಬಾರದು, ಖೋಲಿಯ ಹದದಲ್ಲೇ ಇಡಬೇಕು ಎಂಬುದು ಬಂಗಲೆಯ ಪಾಠ. ಕರೆಪ್ಪ ಹಾಗೇ ಇಟ್ಟ. ಖಾರದ ಮುಂದೆ ವೈನು ನಿಲ್ಲುವುದಿಲ್ಲವೆಂದು ಹೆಂಡತಿ ಭಾಗವ್ವನಿಂದ ಮಟನ್ನಿಗೆ ಖಾರ ಕಡಿಮೆ ಹಾಕಿಸಿದ.

"ಇದೇನು ಸಾಹೇಬಗ ಊಟೋ, ಬಾಣಂತಿಗೆ ಪಥ್ಯೋ?" ಎಂದಳು ಅವಳು.

ಹೊತ್ತು ಮುಳುಗುವಾಗ ಸಾಹೇಬ ಬಂದು ಕೂತ. ಎದುರಿಗೆ ಮಗ್ಗಗಳ ಮಾಲಕ ಶಂಕರೆಪ್ಪ. ಕರೆಪ್ಪ ಬೂಚು ಕಿತ್ತು ಮೂಸಿದ.

"ಮಾಲಕ್ರ, ಊಟಕ್ಕ ಕರದವ್ರು ಮೊದಲ ಒಂದು ಗುಟುಕು ಕುಡದು, ಕೆಟ್ಟೈತೇನಂತ ನೋಡಬೇಕ್ರಿ. ಆಮ್ಯಾಲೆ ಪಾವಣ್ಯಾರಿಗೆ."

"ಪಾವಣ್ಯಾರ್ನ ಕುಂಡ್ರಿಸಿ ನಾ ಮೊದಲ ಬಾಯಿ ಹಚ್ಚಲೇನಲೇ? ಅದೂ ದಾರೂಕ್ಕ! ನೀನ ನೋಡು. ಇಷ್ಟು ವರ್ಷ ಅದನ್ನ ಮಾಡೀದಿ."

ಇಷ್ಟು ವರ್ಷ ಅವನು ಮಾಡಿದ್ದು ಬೂಚು ಮೂಸಿ, ತಲೆ ಬಾಗಿಸಿ, "ಛಲೋ ಐತ್ರಿ" ಅನ್ನುವುದಷ್ಟೇ. ಆಳುಗಳು ಬಾಟಲಿಗೆ ಬಾಯಿ ಹಚ್ಚಿದರೆ ಕೆಲಸ ಹೋಗುತ್ತಿತ್ತು. ಒಂದು ಹನಿಯೂ ಅವನ ಗಂಟಲಿಗಿಳಿದಿರಲಿಲ್ಲ.

ಗುಟುಕರಿಸಿದ. ಜಾಲಿ ತೊಗಟೆ ಕುದಿಸಿದಂಥ ಒಗರು, ಹುಳಿ. ಕೆಟ್ಟಿದೆಯೋ, ಇದರ ಗುಣವೇ ಹೀಗೋ? ಇದಕ್ಕೇ ಆ ದೊಡ್ಡವರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿದ್ದರೇ? ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಅಂದುಬಿಟ್ಟರೆ ಮುಂಬಯಿ. ಆದರೆ ರುಚಿ ತಿಳಿಯದೆ ಅದನ್ನು ಇನ್ನೊಮ್ಮೆ ಅನ್ನಲು ಅವನಿಗೆ ಬೇಸರವಾಯಿತು.

ಬಂಗಲೆಯಲ್ಲಿ ಕಲಿತ ಹಿಂದಿಯಲ್ಲಿ ಹೇಳಿದ: "ಗೊತ್ತಾಗಲಿಲ್ಲ ಸಾಹೇಬ್. ನಾನು ಕುಡಿದದ್ದು ಇದೇ ಮೊದಲು."

"ಮಾನ ಕಳದ್ಯಲ್ಲೋ!" ಶಂಕರೆಪ್ಪ ಹಣೆ ಬಡಿದುಕೊಂಡ.

ಸಾಹೇಬ ಬಾಟಲಿ ಮುಟ್ಟಿ ಕೈ ಹಿಂದೆಗೆದ. ಬಿಸಿ. ಬಂಗಲೆಯ ಖೋಲಿಗಳಿಗೆ ದಪ್ಪ ಕಲ್ಲಿನ ಗೋಡೆ, ಕಿಟಕಿಗೆ ಲಾವಂಚದ ಪರದೆ. ಇಲ್ಲಿ ತಗಡಿನ ಮಾಡು, ಚೈತ್ರದ ಬಿಸಿಲು. ಕರೆಪ್ಪನಿಗೆ ಇದು ಹೊಳೆದದ್ದು ಆಗಲೇ.

ಭಾಗವ್ವ ಹಸಿ ಗೋಣಿ ಸುತ್ತಿ ಬಾಟಲಿಯನ್ನು ಬಾಗಿಲ ಗಾಳಿಗೆ ಕಟ್ಟಿದಳು. ಅದು ತಣಿಯುವ ಹೊತ್ತಿಗೆ ಮಟನ್ನಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಸಾಹೇಬ ಅದನ್ನೇ ತಿಂದ, ಕುಡಿದ. ಕೊನೆಗೆ ಅರ್ಧ ಗ್ಲಾಸು ತುಂಬಿ ಕರೆಪ್ಪನ ಕೈಗಿಟ್ಟ.

"ಈಗ?"

ಕರೆಪ್ಪ ನಿಂತೇ ಕುಡಿದ. ಹುಳಿ ಅಡಗಿತ್ತು. ಒಗರಿನ ಅಡಿಯಲ್ಲಿ ನೇರಳೆ ಹಣ್ಣಿನಂಥದ್ದೇನೋ ಇತ್ತು.

"ಮೊದಲಿಗಿಂತ ವಾಸಿ, ಸಾಹೇಬ್."

ಸಾಹೇಬ ನಕ್ಕ. ಮುಂಬಯಿಯ ಮಾತು ತೆಗೆಯಲಿಲ್ಲ. ಕರೆಪ್ಪ ಕೇಳಲಿಲ್ಲ.

ಬೆಳಿಗ್ಗೆ ಸಾಹೇಬನ ಜೀಪು ಕುಡಚಿ ಸ್ಟೇಷನ್ನಿನ ದಾರಿ ಹಿಡಿಯಿತು. ಶೆಡ್ಡಿಗೆ ಬುತ್ತಿ ತಂದ ಭಾಗವ್ವ ಕೇಳಿದಳು: "ಅಷ್ಟು ವರ್ಷ ಏನ ನೋಡಿ ಛಲೋ ಛಲೋ ಅಂತಿದ್ದಿ?"

"ಬೂಚಿನ ವಾಸನಿ ಛಲೋ ಇರತಿತ್ತು" ಎಂದು ಕರೆಪ್ಪ ಕೆಮ್ಮುತ್ತ ರಾಟಿ ತಿರುಗಿಸಿದ.