ಕೆಟಲ್‌ನಲ್ಲಿ ಯಾರೂ ಇಲ್ಲ

"ಇಳಿಸು ಅದನ್ನ," ಎಂದಳು ಫೋಟೋಗ್ರಾಫರನ ಹೆಂಡತಿ. ದನಿ ಏರಿಸಲಿಲ್ಲ. ಆದರೂ ಏಣಿಯ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದ ಸಂಘದ ಕಾರ್ಯದರ್ಶಿಯ ಸುತ್ತಿಗೆ ಗಾಳಿಯಲ್ಲೇ ನಿಂತಿತು.

ಫೋಟೋಗ್ರಾಫರ್ ತೀರಿಕೊಂಡು ಆರು ತಿಂಗಳಾಗಿತ್ತು. ನಲವತ್ತು ವರ್ಷ ಸೋಪು, ಚಪ್ಪಲಿ, ಬೀಗ, ಬಕೆಟ್ಟುಗಳ ಫೋಟೋ ತೆಗೆದು ಹೆಂಡತಿ ಮಕ್ಕಳನ್ನು ಸಾಕಿದ ಮನುಷ್ಯ. ಆತನ ನೆನಪಿಗೆಂದು ಫೋಟೋಗ್ರಾಫರುಗಳ ಸಂಘ ಒಂದು ವಾರದ ಪ್ರದರ್ಶನ ಇಟ್ಟುಕೊಂಡಿತ್ತು. ನಾಳೆ ಬೆಳಿಗ್ಗೆ ಉದ್ಘಾಟನೆ. ಒಳಗೆ ಕಾಲಿಟ್ಟರೆ ಎದುರಿಗೇ ಕಾಣುವ ಗೋಡೆಯ ಮೇಲೆ, ಮೂರಡಿಗೆ ದೊಡ್ಡದು ಮಾಡಿದ ಒಂದೇ ಫೋಟೋ. ಒಂದು ಸ್ಟೀಲಿನ ಕೆಟಲ್. ಅದರ ಹೊಳೆಯುವ ಹೊಟ್ಟೆಯಲ್ಲಿ ಬನಿಯನ್ ತೊಟ್ಟು ಕ್ಯಾಮೆರಾಕ್ಕೆ ಬಗ್ಗಿರುವ ಫೋಟೋಗ್ರಾಫರ್, ಎರಡೂ ಕೈ ಎತ್ತಿ ಬೆಡ್‌ಶೀಟು ಹಿಡಿದಿರುವ ಹೆಂಡತಿ, ಸ್ಟೂಲಿನ ಮೇಲೆ ಮಗಳು, ಮೂಲೆಯಲ್ಲಿ ಬಾಯಿ ಬಿಟ್ಟುಕೊಂಡ ಪುಟ್ಟ ಮಗ. ಕೆಳಗೆ ಅಂಟಿಸಿದ ಚೀಟಿಯಲ್ಲಿ 'ಕಲಾವಿದನ ಆತ್ಮಚಿತ್ರ' ಎಂದು ಬರೆದಿತ್ತು.

ಕಾರ್ಯದರ್ಶಿ ಏಣಿಯ ಮೇಲಿಂದಲೇ ಸಮಾಧಾನ ಮಾಡಲು ನೋಡಿದ. ಇಡೀ ಹಾಲ್‌ನಲ್ಲಿ ಇದರಂಥ ಫೋಟೋ ಇನ್ನೊಂದಿಲ್ಲ, ನೋಡಿದವರೆಲ್ಲ ಬೆರಗಾಗುತ್ತಿದ್ದಾರೆ ಎಂದ.

"ಇದು ಫೇಲಾದ ಫೋಟೋ ಕಣಪ್ಪ," ಎಂದಳು ಆಕೆ.

ಹೊಳೆಯುವ ಪಾತ್ರೆಯ ಫೋಟೋ ತೆಗೆಯುವುದು ಹುಡುಗಾಟವಲ್ಲ. ಎದುರಿಗೆ ಏನಿದ್ದರೂ ಪಾತ್ರೆ ತೋರಿಸಿಬಿಡುತ್ತದೆ. ಅದಕ್ಕೇ ಸುತ್ತಲೂ ಬಿಳಿ ಬೆಡ್‌ಶೀಟು ಕಟ್ಟಿ, ನಡುವೆ ಲೆನ್ಸು ಹಿಡಿಸುವಷ್ಟೇ ತೂತು ಮಾಡಿ, ಅದರೊಳಗಿಂದ ತೆಗೆಯಬೇಕು. ತೂತಿನದೊಂದು ಕಪ್ಪು ಚುಕ್ಕಿ ಪಾತ್ರೆಯಲ್ಲಿ ಮೂಡಿಯೇ ಮೂಡುತ್ತದೆ. ಅದನ್ನು ಆಮೇಲೆ ಸಣ್ಣ ಕುಂಚ ಹಿಡಿದು ಮುಚ್ಚಬೇಕು. ಇವರ ಮನೆಯಲ್ಲಿ ಮುಂದಿನ ಕೋಣೆಯೇ ಸ್ಟುಡಿಯೋ, ಮಲಗುವ ಬೆಡ್‌ಶೀಟೇ ಪರದೆ. ಹಾಗಾಗಿ ತೂತಿಲ್ಲದ ಒಂದು ಬೆಡ್‌ಶೀಟೂ ಆ ಮನೆಯಲ್ಲಿರಲಿಲ್ಲ. ಮಕ್ಕಳು ಅದರಲ್ಲಿ ಕಾಲಿನ ಹೆಬ್ಬೆರಳು ತೂರಿಸಿಕೊಂಡು ಹಾಯಾಗಿ ನಿದ್ದೆ ಹೊಡೆಯುತ್ತಿದ್ದವು. ನೆಂಟರಿಗೆ ಹಾಸಿಗೆ ಹಾಸುವಾಗ ಮಾತ್ರ ಆಕೆ ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದಳು.

ಕೆಟಲ್ ಕಂಪನಿಯ ಕೆಲಸ ಬಂದ ವಾರವೇ ಆಕೆಯ ಅಣ್ಣನ ಮನೆಯವರು ಬರುವುದಿತ್ತು. ಆಕೆ ಮೂರು ಮಧ್ಯಾಹ್ನ ಕೂತು ಎಲ್ಲ ತೂತಿಗೂ ಅಚ್ಚುಕಟ್ಟಾಗಿ ತೇಪೆ ಹೊಲಿದಿಟ್ಟಳು. ಗಂಡನಿಗೆ ಹೇಳಲು ಮರೆತಳು. ಫೋಟೋ ತೆಗೆಯುವ ದಿನ ಆತ ಬೆಡ್‌ಶೀಟು ಬಿಡಿಸಿ ನೋಡಿದ, ತೇಪೆಯ ಮೇಲೆ ಬೆರಳಾಡಿಸಿದ, ಹೆಂಡತಿಯ ಮುಖ ನೋಡಿದ. ಕತ್ತರಿ ಕೈಯಲ್ಲೇ ಇತ್ತು. ಹಾಕಲು ಮನಸ್ಸು ಬರಲಿಲ್ಲ. ಎರಡು ಬೆಡ್‌ಶೀಟುಗಳ ಅಂಚನ್ನು ಮನೆಯವರ ಕೈಗೆ ಕೊಟ್ಟು, ನಡುವಿನ ಸಂದಿಯಲ್ಲಿ ಕ್ಯಾಮೆರಾ ಇಟ್ಟ. ಹಿಡಿದವರ ಕೈ ಸೋತು ಸಂದಿ ಅಗಲವಾದದ್ದು ಯಾರಿಗೂ ತಿಳಿಯಲಿಲ್ಲ. ಕಂಪನಿಯ ಅವಸರಕ್ಕೆ ಆತ ಪ್ರಿಂಟನ್ನೂ ಸರಿಯಾಗಿ ನೋಡದೆ ಕಳಿಸಿಬಿಟ್ಟ.

ಕಂಪನಿಯವರು ಫೋಟೋ ವಾಪಸು ಕಳಿಸಿದರು. ನಾವು ಕೇಳಿದ್ದು ಕೆಟಲ್, ನಿಮ್ಮ ಸಂಸಾರವನ್ನಲ್ಲ ಎಂದು ಅದರ ಹಿಂಬದಿಗೆ ಕೆಂಪು ಶಾಯಿಯಲ್ಲಿ ಬರೆದಿದ್ದರು. ಮಾತು ಹೇಗೋ ಸಂಘಕ್ಕೆ ಮುಟ್ಟಿತು. ಅಂದಿನಿಂದ ಆತನಿಗೆ 'ಸಂಸಾರಿ' ಎಂಬ ಹೆಸರೇ ಅಂಟಿಕೊಂಡಿತು. ಸಭೆಗೆ ಹೋದರೆ, ಸಂಸಾರಿ ಬಂದರು, ನಾಲ್ಕು ಕುರ್ಚಿ ಹಾಕಿ ಎಂದು ನಗು. ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ಈಗ ಏಣಿಯ ಮೇಲಿದ್ದವನೂ ಒಬ್ಬ. ಗಂಡ ಮನೆಗೆ ಬಂದು ಆ ಫೋಟೋ ಹರಿದು ಬಿಸಾಕು ಎಂದಿದ್ದ. ಬಿಸಾಕಿದೆ ಎಂದು ಆಕೆ ಸುಳ್ಳು ಹೇಳಿ ಬಟ್ಟೆಗಳ ಅಡಿ ಬಚ್ಚಿಟ್ಟಳು. ಈಗ ಬೀರು ಖಾಲಿ ಮಾಡುವಾಗ ಅದು ಮಗಳ ಕೈಗೆ ಸಿಕ್ಕಿತ್ತು. ಅವಳು ಅಮ್ಮನನ್ನು ಒಂದು ಮಾತೂ ಕೇಳದೆ ಸಂಘಕ್ಕೆ ಕೊಟ್ಟುಬಿಟ್ಟಿದ್ದಳು.

"ನಾವು ನಾಲ್ಕೂ ಜನ ಒಟ್ಟಿಗಿರೋದು ಇದೊಂದರಲ್ಲೇ ಅಮ್ಮ," ಎಂದಳು ಮಗಳು. "ಬೇರೆ ಎಲ್ಲದರಲ್ಲೂ ಅಪ್ಪ ಕ್ಯಾಮೆರಾ ಹಿಂದೇನೇ."

"ನನಗೆ ಗೊತ್ತಿಲ್ವಾ? ಅದಕ್ಕೇ ಅಲ್ವಾ ಬಚ್ಚಿಟ್ಟಿದ್ದು. ಮನೇಲಿ ಇಟ್ಕೊಂಡು ದಿನಾ ನೋಡು, ಯಾರು ಬೇಡ ಅಂದ್ರು? ಇಲ್ಲಿಗೆ ಬರೋರು ನಿಮ್ಮಪ್ಪನ ಕಸುಬಿನವರು. ಅವರೆದುರಿಗೆ ನಿಮ್ಮಪ್ಪನ ತಪ್ಪನ್ನ ನೇತು ಹಾಕ್ಬೇಡ."

ಕಾರ್ಯದರ್ಶಿ ಕೆಳಗಿಳಿದು ಬಂದು ತಲೆ ಕೆರೆದುಕೊಂಡ. ಅವತ್ತು ನಮಗೆ ಕಣ್ಣಿರಲಿಲ್ಲ ಅತ್ತಿಗೆ, ಇವತ್ತು ಇದನ್ನು ಎಲ್ಲರೂ ಕಲೆ ಅನ್ನುತ್ತಾರೆ, ಆಹ್ವಾನಪತ್ರಿಕೆಯಲ್ಲೂ ಇದೇ ಅಚ್ಚಾಗಿದೆ ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅದೇ ಆಕೆಯನ್ನು ಇನ್ನಷ್ಟು ಉರಿಸಿತು.

"ಅವತ್ತು ನಕ್ಕಿದ್ದೂ ನೀವೇ, ಇವತ್ತು ಕಲೆ ಅನ್ನೋದೂ ನೀವೇ. ನಮ್ಮನೆಯವರು ಏನಂತಿದ್ರು ಅಂತ ಯಾರಿಗಾದ್ರೂ ಬೇಕಾ? ಪಾತ್ರೇಲಿ ನಾನು ಕಾಣಬಾರದು ಅಂತಿದ್ರು. ನಲವತ್ತು ವರ್ಷ ಅಷ್ಟನ್ನೇ ಕಲಿತಿದ್ದು. ಇದು ಇಲ್ಲೇ ಇರಬೇಕು ಅಂದ್ರೆ, ಬಾಗಿಲ ಮೇಲಿಂದ ಅವರ ಹೆಸರು ತೆಗಿ. ಉಳಿದಿದ್ದನ್ನೆಲ್ಲ ಈಗ್ಲೇ ಮನೆಗೆ ಸಾಗಿಸ್ತೀನಿ."

ಅಷ್ಟು ಹೇಳಿ ಆಕೆ ಗೋಡೆಯ ಕಡೆ ನೋಡಿದಳು. ಬನಿಯನ್ ತೊಟ್ಟ ಆ ಭುಜ, ಆ ಬಗ್ಗಿದ ತಲೆ. ನೋಡುತ್ತಲೇ ಇರೋಣ ಎಂದು ಆಕೆಗೂ ಅನ್ನಿಸಿತು. ಆದರೂ ಕೈ ಕಟ್ಟಿಕೊಂಡು ನಿಂತಳೇ ಹೊರತು ಒಂದಿಂಚೂ ಜಗ್ಗಲಿಲ್ಲ. ಕೊನೆಗೆ ಏಣಿ ಹತ್ತಿದವಳು ಮಗಳು. ಚೌಕಟ್ಟನ್ನು ತಾನೇ ಇಳಿಸಿ, ಮುಖ ಗೋಡೆಯ ಕಡೆ ಮಾಡಿ ಒರಗಿಸಿದಳು.

ಅಷ್ಟರಲ್ಲಿ ಅಮ್ಮ ಹೇಳಿಕಳಿಸಿದ್ದ ಇನ್ನೊಂದು ಕೆಟಲ್ ಫೋಟೋವನ್ನು ಮಗ ಮನೆಯಿಂದ ತಂದ. ಈಗ ಅವನಿಗೂ ತಲೆ ನರೆತಿದೆ. ಈ ಫೋಟೋ ಎರಡು ಅಂಗೈ ಅಗಲದ್ದು. ಮೊದಲಿನದು ವಾಪಸು ಬಂದ ಮರುದಿನ ಆಕೆಯೇ ತನ್ನ ತೇಪೆ ಬಿಚ್ಚಿ, ತೂತಿನ ಸುತ್ತ ದಾರ ಬಿಡದಂತೆ ಅಂಚು ಹೊಲಿದು ಕೊಟ್ಟಿದ್ದಳು. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಹನ್ನೊಂದು ಸಲ ತೆಗೆದು, ಆಮೇಲೆ ಎರಡು ದಿನ ಕುಂಚ ಹಿಡಿದು ಕೂತು ಮುಗಿಸಿದ ಫೋಟೋ. ಕಂಪನಿ ಒಂಬತ್ತು ವರ್ಷ ಅದನ್ನೇ ಡಬ್ಬಿಯ ಮೇಲೆ ಅಚ್ಚು ಹಾಕಿತು.

"ಇದರಲ್ಲಿ ಯಾರೂ ಇಲ್ವಲ್ಲ ಅತ್ತಿಗೆ," ಎಂದ ಕಾರ್ಯದರ್ಶಿ.

"ಯಾರೂ ಕಾಣಬಾರದು ಅಂತಾನೇ ಬೆಡ್‌ಶೀಟಿನ ಹಿಂದೆ ನಾಲ್ಕು ಜನ ನಿಂತಿದ್ವಿ."

ಅವನು ಏಣಿ ಹತ್ತಿ ಮೊಳೆ ಹೊಡೆದ. ಹಾಲ್‌ನ ದೀಪವೂ ಮುಖಗಳೂ ಪ್ರತಿಫಲಿಸುತ್ತವೆಂದು ಆಕೆ ಚೌಕಟ್ಟಿನ ಗಾಜನ್ನೂ ತೆಗೆಸಿದಳು.

ಮರುದಿನ ಜನ ಬಂದರು. ದೊಡ್ಡ ಗೋಡೆಯಲ್ಲಿ ಅಷ್ಟು ಚಿಕ್ಕ ಫೋಟೋ ಕಂಡು ಕೆಲವರು ಮೂಗು ಮುರಿದರು, ಕೆಲವರು ಆಕಳಿಸಿ ಮುಂದೆ ಹೋದರು. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ಆಕೆ ಒಬ್ಬೊಬ್ಬರನ್ನೂ ನೆಟ್ಟಗೆ ನೋಡಿದಳು. ಊಟದ ಹೊತ್ತು ಮೀರಿದ ಮೇಲೆ, ಮದುವೆ ಫೋಟೋ ತೆಗೆದೇ ಮುದುಕನಾದ ಒಬ್ಬ ಬಂದು ಕೆಟಲ್‌ನ ಮುಂದೆ ನಿಂತ. ಕನ್ನಡಕ ಹಣೆಗೆ ಏರಿಸಿದ, ಇಳಿಸಿದ, ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ.

"ಏನು ಹುಡುಕ್ತಿದ್ದೀರಿ?" ಎಂದು ಕೇಳಿದಳು.

"ಲೆನ್ಸಿನ ಚುಕ್ಕಿ. ಎಲ್ಲೋ ಇರಲೇಬೇಕಲ್ಲ ತಾಯಿ."

"ಸಿಗಲ್ಲ."

ಮುದುಕ ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದ. ಆತನ ಬೆಳಕಿಗೆ ಅಡ್ಡವಾಗದಂತೆ ಆಕೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡಳು.