ಹನ್ನೆರಡರಿಂದ ಮೂರು

“ಇನ್ನೊಂದ್ಸಲ ಬೀಳಮ್ಮ. ಆಗ ಕ್ಯಾಮೆರಾ ಆನ್ ಆಗಿರ್ಲಿಲ್ಲ.”

ಅತ್ತಿಗೆ ಆಗಷ್ಟೇ ನಿಜವಾಗಿ ಬಿದ್ದಿದ್ದಳು. ತಲೆಯ ಮೇಲಿದ್ದ ಹತ್ತು ಇಟ್ಟಿಗೆಯಲ್ಲಿ ನಾಲ್ಕು ಒಡೆದಿದ್ದವು. ನಾನು ಹೊರೆ ಇಳಿಸಿ ಓಡಿ ಬಂದು ಅವಳ ಬಾಯಿಗೆ ನೀರು ಹನಿಸುತ್ತಿದ್ದೆ. ಭೂಮಿ ಕಾದು ಹವಾಮಾನ ಕೆಟ್ಟಿರುವ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಬಂದಿದ್ದ ಡೈರೆಕ್ಟರು ಛತ್ರಿಯ ಕೆಳಗಿಂದಲೇ, “ಈ ಸೀನು ಜನರ ಕಣ್ಣು ತೆರೆಸುತ್ತೆ” ಎಂದರು.

“ಬೀಳೇ ಅಂದ್ರೆ ಬೀಳು, ಮುಂಡೇದೇ!” ಇಟ್ಟಿಗೆ ಗೂಡಿನ ಸಾಹುಕಾರ ಕಿರುಚಿದ. “ದಿನಾ ಪುಕ್ಸಟ್ಟೆ ಬೀಳ್ತೀಯ, ಇವತ್ತೇನು ಧಾಡಿ?”

ಅತ್ತಿಗೆ ಮೂರು ಸಲ ಬಿದ್ದಳು. ಎರಡನೆಯದರಲ್ಲಿ ಸೆರಗು ಮುಖಕ್ಕೆ ಅಡ್ಡ ಬಂದಿತ್ತಂತೆ.

ಚಿತ್ರ ತಯಾರಾದ ಮೇಲೆ ಪಟ್ಟಣದ ಸಭಾಂಗಣಕ್ಕೆ ನಮ್ಮನ್ನೆಲ್ಲ ಇಟ್ಟಿಗೆ ಲಾರಿಯಲ್ಲೇ ತುಂಬಿಕೊಂಡು ಹೋದರು. ಒಳಗೆ ಎಷ್ಟು ತಣ್ಣಗಿತ್ತೆಂದರೆ ಮುಂದಿನ ಸಾಲಿನವರು ಶಾಲು ಹೊದ್ದಿದ್ದರು. ನಾವು ಹಿಂದೆ, ಗೋಡೆಗೆ ಒರಗಿ ನಿಂತೆವು. ಪರದೆಯ ಮೇಲೆ ಅತ್ತಿಗೆ ಬಿದ್ದಳು, ಪಿಟೀಲು ಅತ್ತಿತು. ಶಾಲಿನವರು ಕಣ್ಣೊರೆಸಿಕೊಂಡರು. ಆಮೇಲೆ ಕನ್ನಡಕದ ಡಾಕ್ಟರೊಬ್ಬರು ಬಂದು, ಇಂಥ ಬಿಸಿಲಲ್ಲಿ ಹನ್ನೆರಡರಿಂದ ಮೂರರವರೆಗೆ ಬಯಲಲ್ಲಿ ದುಡಿದರೆ ಜೀವಕ್ಕೇ ಅಪಾಯ, ನೆರಳಲ್ಲಿ ಕೂರಲೇಬೇಕು ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಮ್ಮ ಸಾಹುಕಾರ. ಶೂಟಿಂಗಿಗೆ ಜಾಗ ಕೊಟ್ಟ ಪರಿಸರಪ್ರೇಮಿ ಎಂದು ಅವನಿಗೊಂದು ಫಲಕ ಕೊಟ್ಟರು. ಅತ್ತಿಗೆಗೆ ಒಂದು ಸಸಿ. ಅದನ್ನು ನೆಡಲು ಅವಳಿಗೆ ಗೇಣು ಜಾಗವಿದೆಯೇ ಎಂದು ಯಾರೂ ಕೇಳಲಿಲ್ಲ.

ಡೈರೆಕ್ಟರು ಅತ್ತಿಗೆಯ ಮುಂದೆ ಮೈಕು ಹಿಡಿದರು. “ಚಿತ್ರ ನೋಡಿ ಅರಿವು ಮೂಡ್ತೇನಮ್ಮ?”

“ಮೂಡ್ತು ಸ್ವಾಮಿ.”

ಸಭೆ ಮೆಚ್ಚಿ ನಕ್ಕಿತು.

ಮರುದಿನ ಹನ್ನೆರಡು ಹೊಡೆಯುತ್ತಲೇ ಅತ್ತಿಗೆ ಹೊರೆ ಇಳಿಸಿದಳು. ಅಲ್ಲಿ ನೆರಳಿದ್ದದ್ದು ಒಂದೇ ಕಡೆ: ಸಾಹುಕಾರನ ಆಫೀಸಿನ ಜಗಲಿ. ಹೋಗಿ ಕೂತಳು. ನಾನೂ ಹೊರೆ ಇಳಿಸಿ ಹೋದೆ. ನನ್ನ ಹಿಂದೆ ಉಳಿದ ಇಪ್ಪತ್ತೆರಡು ಹೆಂಗಸರೂ ಬಂದರು.

“ಯಾರಪ್ಪನ ಜಗಲಿ ಅಂತ ಕೂತ್ರೇ ಲೌಡೇರಾ? ಏಳ್ರೇ ಮೇಲಕ್ಕೆ!”

“ಡಾಕ್ಟ್ರು ಹೇಳ್ಲಿಲ್ವಾ?” ಎಂದಳು ಅತ್ತಿಗೆ. “ನೀವೇ ಚಪ್ಪಾಳೆ ಹೊಡೆದ್ರಲ್ಲ.”

“ಅದು ಪಿಚ್ಚರ್ ಕಣೇ! ನೋಡಿ ಮರೆಯೋದು!”

“ನೋಡಿದೋರು ಮರೀಲಿ ಬಿಡಿ. ಬಿದ್ದೋಳು ನಾನು.”

ಅವನು ಪೊಲೀಸರಿಗೆ ಫೋನು ಹಚ್ಚಿದ. ಅತ್ತಿಗೆ ಎದ್ದು ಬಾಗಿಲ ಪಕ್ಕದ ಸ್ವಿಚ್ಚು ಒತ್ತಿದಳು. ಜಗಲಿಯ ಫ್ಯಾನು ಕಿರುಗುಟ್ಟುತ್ತ ತಿರುಗತೊಡಗಿತು. ನಾವು ಊಟದ ಡಬ್ಬಿ ಬಿಚ್ಚಿದೆವು.